ಪಾರ್ಶ್ವವಾಯುವಿನ ನಂತರ ಹೃದಯವನ್ನೇಕೆ ನೋಡಬೇಕು?

ಪಾರ್ಶ್ವವಾಯು ಬಡಿದವರನ್ನು ಬಂಧುಗಳು ನಮ್ಮ ಚಿಕಿತ್ಸಾಲಯಕ್ಕೆ ಕರೆತರುವುದು ಸಾಮಾನ್ಯವಾಗಿ ಎಂಟು ಹತ್ತು ದಿನಗಳ ನಂತರ. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯ ವಾಸ ಮುಗಿದಿರುತ್ತದೆ, ಪ್ರಾಣಾಪಾಯ ಕಳೆದಿರುತ್ತದೆ. ಕೈಕಾಲು ಮಾತ್ರ ಇನ್ನೂ ಮಾತು ಕೇಳುತ್ತಿರುವುದಿಲ್ಲ. ಎಣ್ಣೆ ಹಚ್ಚಿಸಬೇಕು, ಬಸ್ತಿ ಕೊಡಿಸಬೇಕು, ಹೇಗಾದರೂ ಮಾಡಿ ನಡೆಯುವಂತೆ ಮಾಡಿಕೊಡಿ ಎಂಬುದು ಅವರ ಬೇಡಿಕೆ. ನಾವು ಅವರ ಕೈಯಲ್ಲಿರುವ ಕಡತವನ್ನು ಬಿಚ್ಚಿ ಮೊದಲು ಕೇಳುವುದು, 'ಎಕೋ ಮಾಡಿಸಿದ್ದೀರಾ?' ಎಂದು. ಹಲವರಿಗೆ ಈ ಪ್ರಶ್ನೆ ವಿಚಿತ್ರವಾಗಿ ತೋರುತ್ತದೆ. ರೋಗವಿರುವುದು ಮಿದುಳಿನಲ್ಲಿ, ಬಿದ್ದಿರುವುದು ಕೈಕಾಲು. ಹೀಗಿರುವಾಗ ಹೃದಯದ ಸ್ಕ್ಯಾನಿಂಗ್ ಏಕೆ? ಅದನ್ನು ಆಯುರ್ವೇದದ ವೈದ್ಯರು ಏಕೆ ಕೇಳಬೇಕು?

ಈ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮಗೆ ಹುಟ್ಟಿನಿಂದ ಬಂದುದಲ್ಲ. ನಾವು ಮಾಡಿದ ಒಂದು ತಪ್ಪಿನಿಂದ ಬಂದುದು. ಅದನ್ನು ಮರೆಮಾಚದೆ ಇಲ್ಲಿ ಬರೆಯುತ್ತಿದ್ದೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಲಪ್ರಭಾ ದಂಡೆಯ ಒಂದು ಹಳ್ಳಿಯಿಂದ ಮೂವತ್ತೆಂಟು ವರ್ಷದ ತಾಯಿಯೊಬ್ಬರನ್ನು ಎತ್ತಿಕೊಂಡು ಬಂದರು. ಬಲಗೈ, ಬಲಗಾಲು ಬಿದ್ದಿದ್ದವು, ಮಾತು ಹೊರಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ. ನಾಡಿ ಹಿಡಿದು ನೋಡಿದೆವು. ಬಡಿತಕ್ಕೆ ಒಂದು ಲಯವೇ ಇರಲಿಲ್ಲ. ಎರಡು ಬಡಿತ ಅವಸರದಲ್ಲಿ ಬಂದರೆ ಮೂರನೆಯದು ತಡವಾಗಿ ಬರುತ್ತಿತ್ತು, ನಾಲ್ಕನೆಯದು ಬೆರಳಿಗೆ ಸಿಗುತ್ತಲೇ ಇರಲಿಲ್ಲ. ನಾವು ಕಾಗದದ ಮೇಲೆ 'ವಾತಪ್ರಕೋಪ' ಎಂದು ಬರೆದೆವು. ಆಸ್ಪತ್ರೆಯವರು ಕೊಟ್ಟ ಬಿಡುಗಡೆ ಪತ್ರದ ಕೊನೆಯಲ್ಲಿ ಹೃದಯದ ಎಕೋ ಪರೀಕ್ಷೆ ಮಾಡಿಸಬೇಕೆಂದು ಒಂದು ಸಾಲಿತ್ತು. ಆಕೆಯ ಪತಿ ಅದನ್ನೇ ತೋರಿಸಿ, 'ಡಾಕ್ಟರ್ ಸಾಹೇಬ್ರ, ಇದರಾಗ ಎದಿ ಸ್ಕ್ಯಾನಿಂಗ್ ಮಾಡಸ್ರಿ ಅಂತ ಬರದಾರ. ಆಕಿಗೆ ಹೋಗಿದ್ದು ಕೈಕಾಲಲ್ರೀ?' ಎಂದು ಕೇಳಿದರು. 'ಮೊದಲು ಕಾಲಿಗೆ ಬಲ ಬರಲಿ, ಅದನ್ನು ಆಮೇಲೆ ನೋಡೋಣ' ಎಂದು ನಾವು ಹೇಳಿದೆವು.

ಕಾಲಿಗೆ ಬಲ ಬಂದಿತು. ಅಭ್ಯಂಗ, ಸ್ವೇದನ, ಬಸ್ತಿ, ಜೊತೆಗೆ ವ್ಯಾಯಾಮ. ಒಂದು ತಿಂಗಳಲ್ಲಿ ಗೋಡೆ ಹಿಡಿದು ನಡೆದರು, ಮಕ್ಕಳ ಹೆಸರು ಹಿಡಿದು ಕರೆದರು. ಮನೆಯವರು ನಮಗೆ ಕೈಮುಗಿದರು, ನಾವೂ ಹಿಗ್ಗಿದೆವು. ನಲವತ್ತನೆಯ ದಿನದ ಬೆಳಗಿನ ಜಾವ ಆಕೆಗೆ ಎರಡನೆಯ ಬಾರಿ ಪಾರ್ಶ್ವವಾಯು ಬಡಿಯಿತು. ಈ ಸಾರಿ ಎಡಗಡೆಗೆ.

ಆಗ ಎಕೋ ಆಯಿತು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು. ಅದರ ಬಾಯಿ ಸಾಮಾನ್ಯರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಆಕೆಯಲ್ಲಿ ಉಳಿದಿದ್ದುದು 0.9. ಅದರ ಹಿಂದಿನ ಕೋಣೆ ಉಬ್ಬಿ ದೊಡ್ಡದಾಗಿತ್ತು, ಆ ಕೋಣೆಯೊಳಗೆ ರಕ್ತ ಹೆಪ್ಪುಗಟ್ಟಿ ಕುಳಿತಿತ್ತು. ಎರಡು ಬಾರಿಯೂ ಮಿದುಳಿಗೆ ಏರಿದ ತುಣುಕು ಅಲ್ಲಿಂದಲೇ ಹೊರಟಿತ್ತು. ನಾವು ಬೆರಳಿನಲ್ಲಿ ಹಿಡಿದಿದ್ದ ಆ ಲಯ ತಪ್ಪಿದ ನಾಡಿ ಇದನ್ನೇ ಹೇಳುತ್ತಿತ್ತು. ನಾವು ಅದಕ್ಕೊಂದು ಹೆಸರಿಟ್ಟು ಸುಮ್ಮನಾದೆವು.

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳ ಒಡೆದು ರಕ್ತಸ್ರಾವವಾಗುವುದು ಒಂದು, ನಾಳ ಮುಚ್ಚಿಹೋಗಿ ರಕ್ತ ಸಿಗದಂತಾಗುವುದು ಇನ್ನೊಂದು. ಹೆಚ್ಚಿನವರಿಗೆ ಆಗುವುದು ಎರಡನೆಯದು. ನಾಳ ಮುಚ್ಚುವುದಕ್ಕೂ ಹಲವು ಕಾರಣಗಳಿವೆ. ಕುತ್ತಿಗೆಯ ಅಥವಾ ಮಿದುಳಿನ ನಾಳಗಳಲ್ಲಿಯೇ ಕೊಬ್ಬು ಕಟ್ಟಿ ಮುಚ್ಚಬಹುದು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗಳಿಂದ ಸಣ್ಣ ನಾಳಗಳು ಒಳಗೊಳಗೇ ಹಾಳಾಗಬಹುದು. ಆದರೆ ನಾಳ ಮುಚ್ಚಿ ಬರುವ ಪಾರ್ಶ್ವವಾಯುಗಳಲ್ಲಿ 100ಕ್ಕೆ ಸುಮಾರು 20ರಿಂದ 25ರಷ್ಟು ಹೃದಯದಿಂದ ಹೊರಟ ಹೆಪ್ಪಿನಿಂದ ಆಗುತ್ತವೆ. ಹೃದಯದಿಂದ ಬರುವ ಹೆಪ್ಪು ಸಾಮಾನ್ಯವಾಗಿ ದೊಡ್ಡದಿರುತ್ತದೆ, ದೊಡ್ಡ ನಾಳವನ್ನೇ ಮುಚ್ಚುತ್ತದೆ. ಮೂಲವನ್ನು ಹಾಗೆಯೇ ಬಿಟ್ಟರೆ ಮತ್ತೆ ಬರುತ್ತದೆ.

ಹೃದಯದಲ್ಲಿ ರಕ್ತವೇಕೆ ಹೆಪ್ಪುಗಟ್ಟಬೇಕು? ನಮ್ಮ ಮನೆಗಳ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೆಪ್ಪು ಹಾಕಿದ ಹಾಲನ್ನು ಅಲುಗಾಡದಂತೆ ಇಟ್ಟರೆ ಮಾತ್ರ ಮೊಸರು ಗಟ್ಟಿಯಾಗುತ್ತದೆ. ರಕ್ತವೂ ಹಾಗೆಯೇ. ಹರಿಯುತ್ತಿರುವವರೆಗೆ ತಿಳಿಯಾಗಿರುತ್ತದೆ, ನಿಂತಲ್ಲಿ ಹೆಪ್ಪಾಗುತ್ತದೆ. ಹೃದಯದ ಮೇಲಿನ ಕೋಣೆಗಳು, ಅಂದರೆ ಹೃತ್ಕರ್ಣಗಳು, ಕ್ರಮವಾಗಿ ಸಂಕುಚಿಸುವುದನ್ನು ಬಿಟ್ಟು ಬರಿದೇ ನಡುಗತೊಡಗುವ ಒಂದು ರೋಗವಿದೆ. ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಆಗ ಎಡ ಹೃತ್ಕರ್ಣಕ್ಕೆ ಅಂಟಿಕೊಂಡಿರುವ ಒಂದು ಸಣ್ಣ ಚೀಲದಂಥ ಮೂಲೆಯಲ್ಲಿ ರಕ್ತ ನಿಲ್ಲುತ್ತದೆ. ಇಂಥವರಲ್ಲಿ ಪಾರ್ಶ್ವವಾಯುವಿನ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಮೈಟ್ರಲ್ ಕವಾಟವೂ ಕಿರಿದಾಗಿದ್ದರೆ ಅಪಾಯ ಇದಕ್ಕೂ ಬಹಳ ಮೇಲೆ ಹೋಗುತ್ತದೆ. ಹೃದಯಾಘಾತವಾದವರಲ್ಲಿ ಕೆಳಗಿನ ಕೋಣೆಯ ಗೋಡೆಯ ಒಂದು ಭಾಗ ಸತ್ತು ಅಲುಗಾಡದಂತಾದರೆ ಅಲ್ಲಿಯೂ ಹೆಪ್ಪು ಕೂಡುತ್ತದೆ.

ಚರಕಾಚಾರ್ಯರು ಸಿದ್ಧಿಸ್ಥಾನದಲ್ಲಿ ಹೃದಯ, ಶಿರಸ್ಸು, ಬಸ್ತಿ ಇವು ಮೂರನ್ನು ತ್ರಿಮರ್ಮಗಳೆಂದು ಒಟ್ಟಿಗೆ ಇಟ್ಟು, ಇವುಗಳನ್ನು ವಿಶೇಷವಾಗಿ ಕಾಪಾಡಬೇಕೆಂದು ವಿಧಿಸಿದ್ದಾರೆ. ಇದನ್ನು ಓದಿ ಪರೀಕ್ಷೆ ಬರೆದವರು ನಾವು. ಹಾಗೆಂದು, ಹೃದಯದ ಹೆಪ್ಪು ಮಿದುಳಿಗೆ ಹೋಗುತ್ತದೆಂಬುದು ಆಗಲೇ ಗೊತ್ತಿತ್ತೆಂದು ಹೇಳುವ ನಮ್ಮ ಕೆಲವು ಮಿತ್ರರ ಮಾತನ್ನು ನಾವು ಒಪ್ಪುವುದಿಲ್ಲ. ಅದು ಗ್ರಂಥಕ್ಕೆ ಇಲ್ಲದ ಮಾತನ್ನು ಅದರ ಬಾಯಿಗೆ ತುರುಕಿದಂತೆ. ಶಿರಸ್ಸಿನ ರೋಗವನ್ನು ನೋಡುವಾಗ ಹೃದಯವನ್ನು ಮರೆಯಬಾರದೆಂಬ ಎಚ್ಚರಿಕೆಯನ್ನು ಅಲ್ಲಿಂದ ತೆಗೆದುಕೊಂಡರೆ ಸಾಕು.

ಎಕೋ ಯಂತ್ರ ಹುಟ್ಟಿದ ಕಥೆಗೂ ಇದೇ ಮೈಟ್ರಲ್ ಕವಾಟಕ್ಕೂ ನಂಟಿದೆ. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದಯವೈದ್ಯರಿದ್ದರು. ಕವಾಟ ಕಿರಿದಾದ ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಕಳುಹಿಸುವ ಮೊದಲು ಒಳಗಿನ ಸ್ಥಿತಿಯನ್ನು ಅರಿಯುವ ದಾರಿಯನ್ನು ಅವರು ಹುಡುಕುತ್ತಿದ್ದರು. ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಅವರಿಗೆ ಜೊತೆಯಾದರು. ಮಾಲ್ಮೋ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಉಕ್ಕಿನೊಳಗಿನ ಬಿರುಕುಗಳನ್ನು ಧ್ವನಿತರಂಗಗಳಿಂದ ಹುಡುಕುವ ಯಂತ್ರವೊಂದಿತ್ತು. ಮೊದಲ ಪ್ರಯತ್ನಗಳನ್ನು ಆ ಬಗೆಯ ಯಂತ್ರದಿಂದಲೇ ಮಾಡಿದರು. 1953ರ ಅಕ್ಟೋಬರಿನಲ್ಲಿ ಬಡಿಯುತ್ತಿರುವ ಹೃದಯದ ಪ್ರತಿಧ್ವನಿಯನ್ನು ಅವರು ದಾಖಲಿಸಿದರು. ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಧ್ವನಿಯನ್ನು ಎದೆಯೊಳಗೆ ಕಳುಹಿಸುವುದು, ಮರಳಿ ಬರುವ ಪ್ರತಿಧ್ವನಿಯನ್ನು ಚಿತ್ರವಾಗಿಸುವುದು, ಇಷ್ಟೇ ಇದರ ತತ್ತ್ವ. ಎಕ್ಸ್‌ರೇಯಂತೆ ಕಿರಣಗಳ ಭಯವಿಲ್ಲ. ಗರ್ಭಿಣಿಯರಿಗೂ ಮಾಡಬಹುದು.

ಈ ಪರೀಕ್ಷೆಯಲ್ಲಿ ಎರಡು ವಿಧಗಳಿವೆ. ಎದೆಯ ಮೇಲೆ ಜೆಲ್ ಹಚ್ಚಿ ನೋಡುವುದು ಸಾಮಾನ್ಯವಾದದ್ದು. ಕವಾಟಗಳು, ಕೋಣೆಗಳ ಗಾತ್ರ, ಗೋಡೆಗಳ ಚಲನೆ, ಹೃದಯ ರಕ್ತವನ್ನು ನೂಕುವ ಶಕ್ತಿ ಇವೆಲ್ಲ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಹೆಪ್ಪು ಅಡಗುವ ಆ ಎಡ ಹೃತ್ಕರ್ಣದ ಮೂಲೆ ಎದೆಯಿಂದ ದೂರದಲ್ಲಿ, ಬೆನ್ನಿನ ಕಡೆಗಿದೆ. ಅದರ ಹಿಂದೆಯೇ ಅನ್ನನಾಳ ಹಾದುಹೋಗುತ್ತದೆ. ಆದ್ದರಿಂದ ಬೆರಳಿನ ಗಾತ್ರದ ನಳಿಕೆಯನ್ನು ಬಾಯಿಯ ಮೂಲಕ ಅನ್ನನಾಳಕ್ಕೆ ಇಳಿಸಿ ನೋಡುವ ಎರಡನೆಯ ವಿಧ ಬಂದಿತು. ಇದನ್ನು ಟಿ.ಇ.ಇ. ಎನ್ನುತ್ತಾರೆ. ನಾಲ್ಕರಿಂದ ಆರು ಗಂಟೆ ಏನನ್ನೂ ಸೇವಿಸದೆ ಹೋಗಬೇಕು, ಗಂಟಲಿಗೆ ಮರವು ಬರುವ ಔಷಧಿ ಸಿಂಪಡಿಸುತ್ತಾರೆ. ಕೆಲವು ನಿಮಿಷಗಳ ಕಿರಿಕಿರಿ, ಅಷ್ಟೆ. ನುಂಗಲು ತೊಂದರೆಯಿರುವವರು, ಅನ್ನನಾಳದ ಕಾಯಿಲೆಯಿರುವವರು ಅದನ್ನು ಮೊದಲೇ ತಿಳಿಸಬೇಕು. ಪಾರ್ಶ್ವವಾಯುವಾದ ಎಲ್ಲರಿಗೂ ಟಿ.ಇ.ಇ. ಬೇಕೆಂದಿಲ್ಲ. ಅದರ ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಬೇಕು.

ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂಬುದೇ ಮುಖ್ಯ. ನಾಳಗಳ ಕೊಬ್ಬಿನಿಂದ ಪಾರ್ಶ್ವವಾಯುವಾದವರಿಗೆ ಆಸ್ಪಿರಿನ್‌ನಂಥ ಮಾತ್ರೆ, ಕೊಬ್ಬು ಇಳಿಸುವ ಮಾತ್ರೆ ಕೊಡುತ್ತಾರೆ. ಹೃದಯದಲ್ಲಿ ಹೆಪ್ಪುಗಟ್ಟುವವರಿಗೆ ಬರಿಯ ಆಸ್ಪಿರಿನ್ ಸಾಲದು. ಅವರಿಗೆ ಹೆಪ್ಪುಗಟ್ಟುವಿಕೆಯನ್ನೇ ತಡೆಯುವ ಬೇರೆ ಗುಂಪಿನ ಔಷಧಿ ಬೇಕು. ಕವಾಟದ ರೋಗವಿಲ್ಲದ ಏಟ್ರಿಯಲ್ ಫಿಬ್ರಿಲೇಶನ್‌ಗೆ ಏಪಿಕ್ಸಬಾನ್, ಡಾಬಿಗಟ್ರಾನ್ ಮುಂತಾದ ಹೊಸ ಔಷಧಿಗಳಿವೆ. ಮೈಟ್ರಲ್ ಕವಾಟ ಕಿರಿದಾದವರಿಗೆ ಹಳೆಯ ವಾರ್ಫರಿನ್ ಗುಂಪೇ ಇಂದಿಗೂ ಸರಿ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ರುಮ್ಯಾಟಿಕ್ ಹೃದ್ರೋಗವಿರುವವರಿಗೆ ಹೊಸ ಔಷಧಿಯೊಂದನ್ನು ಕೊಟ್ಟು ಹೋಲಿಸಿ ನೋಡಿದಾಗ ಹಳೆಯದನ್ನು ಪಡೆದವರಲ್ಲಿಯೇ ಸಾವು ಕಡಿಮೆಯಿತ್ತು. ನೋಡಿ, ಕವಾಟ ಹೇಗಿದೆ ಎಂದು ಎಕೋ ಹೇಳದಿದ್ದರೆ ಈ ಎರಡರಲ್ಲಿ ಯಾವುದನ್ನು ಬರೆಯಬೇಕೆಂಬುದೇ ತಿಳಿಯುವುದಿಲ್ಲ.

ಹೃದಯಾಘಾತದ ನಂತರ ಕೆಳಕೋಣೆಯಲ್ಲಿ ಹೆಪ್ಪು ಕಂಡರೆ ಸಾಮಾನ್ಯವಾಗಿ ಮೂರು ತಿಂಗಳು ಔಷಧಿ ಕೊಟ್ಟು, ಮತ್ತೆ ಎಕೋ ಮಾಡಿ, ಮುಂದಿನದನ್ನು ತೀರ್ಮಾನಿಸುತ್ತಾರೆ. ಅಪರೂಪಕ್ಕೆ ಹೃತ್ಕರ್ಣದಲ್ಲಿ ಮಿಕ್ಸೋಮಾ ಎಂಬ ಮೆತ್ತನೆಯ ಗಡ್ಡೆ ಬೆಳೆದಿರುತ್ತದೆ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಅರುವತ್ತರೊಳಗಿನವರಲ್ಲಿ ಬೇರಾವ ಕಾರಣವೂ ಸಿಗದಿದ್ದರೆ ಹೃತ್ಕರ್ಣಗಳ ನಡುವಿನ ಪುಟ್ಟ ಕಿಂಡಿಯನ್ನು ಹುಡುಕುತ್ತಾರೆ. ತಾಯಿಯ ಗರ್ಭದಲ್ಲಿದ್ದಾಗ ಎಲ್ಲರಿಗೂ ಇರುವ ಈ ಕಿಂಡಿ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಸಲೈನ್ ನೀರನ್ನು ಕುಲುಕಿ, ಅದರ ಸಣ್ಣ ಗುಳ್ಳೆಗಳನ್ನು ತೋಳಿನ ರಕ್ತನಾಳಕ್ಕೆ ಕೊಟ್ಟು, ಅವು ಎಡಗಡೆಗೆ ದಾಟುತ್ತವೆಯೇ ಎಂದು ಎಕೋದಲ್ಲಿ ನೋಡುತ್ತಾರೆ. ಆಯ್ದ ಕೆಲವರಲ್ಲಿ ಅದನ್ನು ಮುಚ್ಚುವುದರಿಂದ ಪಾರ್ಶ್ವವಾಯು ಮರುಕಳಿಸುವುದು ಕಡಿಮೆಯಾಗುತ್ತದೆಂದು 2017ರ ಅಧ್ಯಯನಗಳು ತೋರಿಸಿವೆ. ಕಿಂಡಿ ಕಂಡವರೆಲ್ಲ ಮುಚ್ಚಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ.

ಒಂದು ಸಂದರ್ಭವನ್ನು ಮಾತ್ರ ಒತ್ತಿ ಹೇಳಬೇಕು. ಹಲವು ದಿನಗಳಿಂದ ಬಿಡದ ಜ್ವರವಿದ್ದು, ಅದರೊಂದಿಗೆ ಪಾರ್ಶ್ವವಾಯು ಬಂದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು. ಎಕೋದಲ್ಲಿ ಕವಾಟದ ಮೇಲೆ ಮೊಳಕೆಯಂಥ ಬೆಳವಣಿಗೆ ಕಾಣುತ್ತದೆ. ಇಲ್ಲಿ ಹೆಪ್ಪು ತಡೆಯುವ ಔಷಧಿಯೇ ಮಿದುಳಿನಲ್ಲಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ಬೇಕಾದುದು ವಾರಗಟ್ಟಲೆ ರಕ್ತನಾಳದ ಮೂಲಕ ಪ್ರತಿಜೈವಿಕ ಔಷಧಿ, ಕೆಲವರಿಗೆ ಶಸ್ತ್ರಚಿಕಿತ್ಸೆ. ಜ್ವರವಿರುವ ಪಾರ್ಶ್ವವಾಯು ರೋಗಿಯನ್ನು ನಾವು ಎಣ್ಣೆಯ ಮೇಜಿನ ಮೇಲೆ ಮಲಗಿಸುವುದಿಲ್ಲ. ಅದೇ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ.

ಎಕೋ ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯ ನಿರ್ದೋಷಿಯಲ್ಲ. ಏಟ್ರಿಯಲ್ ಫಿಬ್ರಿಲೇಶನ್ ಒಂದು ಲಯದ ರೋಗ. ಅದು ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ. ಅದನ್ನು ಹಿಡಿಯುವುದು ಇ.ಸಿ.ಜಿ. ಮತ್ತು ದಿನವಿಡೀ ಮೈಮೇಲೆ ಕಟ್ಟಿಕೊಳ್ಳುವ ಹೋಲ್ಟರ್. ಎರಡೂ ಪರೀಕ್ಷೆಗಳು ಒಂದಕ್ಕೊಂದು ಪೂರಕ. ಇನ್ನು, ಕಾರಣ ಸಿಗಲಿಲ್ಲವೆಂದು 'ಇರಲಿ' ಎಂದು ಎಲ್ಲರಿಗೂ ಹೆಪ್ಪು ತಡೆಯುವ ಔಷಧಿ ಕೊಡುವುದೂ ಸರಿಯಲ್ಲ. ಹಾಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನಗಳು 2018 ಮತ್ತು 2019ರಲ್ಲಿ ಬಂದವು. ಅವುಗಳಲ್ಲಿ ಆಸ್ಪಿರಿನ್‌ಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಇದೆಲ್ಲ ಮೊದಲ ಗಂಟೆಗಳು ಕಳೆದ ನಂತರದ ಮಾತು. ಬಾಯಿ ಸೊಟ್ಟಗಾದಾಗ, ಕೈ ಎತ್ತಲಾಗದಿದ್ದಾಗ, ಮಾತು ತೊದಲಿದಾಗ ಮೊದಲು ಬೇಕಾದುದು ಮಿದುಳಿನ ಸಿ.ಟಿ. ಸ್ಕ್ಯಾನ್. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಕೋಗಾಗಿ ಅದನ್ನು ತಡಮಾಡಬಾರದು. ಲಕ್ವಕ್ಕೆ ಔಷಧಿ ಕೊಡುವ ಊರುಗಳಿಗೆ ಆ ಹೊತ್ತಿನಲ್ಲಿ ಗಾಡಿ ಕಟ್ಟಿಕೊಂಡು ಹೋಗಲೇಬಾರದು. ನಾವೂ ಆಯುರ್ವೇದದವರೇ, ಆದ್ದರಿಂದಲೇ ಈ ಮಾತನ್ನು ಧೈರ್ಯವಾಗಿ ಹೇಳುತ್ತೇವೆ.

ನಮ್ಮ ಶಾಸ್ತ್ರದಲ್ಲಿ ಪಕ್ಷಾಘಾತಕ್ಕೆ ಹೇಳಿರುವ ಸ್ನೇಹನ, ಸ್ವೇದನ, ವಿರೇಚನಗಳನ್ನು ನಾವು ಇಂದಿಗೂ ಮಾಡುತ್ತೇವೆ, ಆದರೆ ಎಕೋ ವರದಿ ನೋಡಿದ ನಂತರ. ಹೃದಯದ ನೂಕುವ ಶಕ್ತಿ ತಗ್ಗಿರುವವರಿಗೆ ಬಿಸಿ ಹಬೆಯ ಸ್ವೇದನ ಮತ್ತು ತೀಕ್ಷ್ಣ ವಿರೇಚನ ಮಾಡುವುದಿಲ್ಲ. ಹೃದಯದಲ್ಲಿ ಹೆಪ್ಪು ಇನ್ನೂ ಇದೆ ಎಂದಿದ್ದರೆ ಹೃದಯತಜ್ಞರ ಒಪ್ಪಿಗೆಯಿಲ್ಲದೆ ಪಂಚಕರ್ಮಕ್ಕೆ ಕೈಹಾಕುವುದಿಲ್ಲ. ಹೆಪ್ಪು ತಡೆಯುವ ಔಷಧಿ ಸೇವಿಸುವವರಿಗೆ ಒತ್ತಿ ತಿಕ್ಕುವ ಮಾಲೀಸು ಬೇಡ, ಜಿಗಣೆ ಹಚ್ಚಿಸುವುದು ಬೇಡವೇ ಬೇಡ. ಗುಗ್ಗುಳು, ಬೆಳ್ಳುಳ್ಳಿಯ ಔಷಧಿಗಳನ್ನು ಆಸ್ಪತ್ರೆಯ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಇಬ್ಬರು ವೈದ್ಯರ ನಡುವೆ ರೋಗಿಯು ಗುಟ್ಟು ಕಾಯಬೇಕಾದ ಸ್ಥಿತಿ ಬರಬಾರದು.

ವಾರ್ಫರಿನ್ ಸೇವಿಸುವವರ ಊಟದ ಬಗ್ಗೆ ಹೆಚ್ಚು ಪ್ರಶ್ನೆಗಳು ಬರುತ್ತವೆ. ಸೊಪ್ಪಿನ ಪಲ್ಯಗಳಲ್ಲಿ ಕೆ ಜೀವಸತ್ವವಿದೆ, ಅದು ಈ ಔಷಧಿಯ ಶಕ್ತಿಯನ್ನು ತಗ್ಗಿಸುತ್ತದೆ. ಇದನ್ನು ಕೇಳಿ ಕೆಲವರು ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪು ಎಲ್ಲವನ್ನೂ ಬಿಟ್ಟು ಬಿಳಿಜೋಳದ ರೊಟ್ಟಿ, ಬೇಳೆಗೆ ನಿಲ್ಲುತ್ತಾರೆ. ಬಿಡಬೇಕಾಗಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದರೋ ಅಷ್ಟನ್ನೇ ತಿನ್ನುತ್ತಿರಬೇಕು. ಒಂದು ವಾರ ತಟ್ಟೆ ತುಂಬ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ರಕ್ತದ ಐ.ಎನ್.ಆರ್. ಪರೀಕ್ಷೆ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಶಿವರಾತ್ರಿಯಂದು, ಶ್ರಾವಣ ಸೋಮವಾರಗಳಂದು ಉಪವಾಸವೆಂದು ಮಾತ್ರೆಯನ್ನೂ ಬಿಡುವ ಭಕ್ತರಿದ್ದಾರೆ. ಮಾತ್ರೆ ಊಟವಲ್ಲ. ಒಂದು ಗುಟುಕು ನೀರಿನೊಂದಿಗೆ ನುಂಗಿದರೆ ವ್ರತಕ್ಕೆ ಭಂಗವಿಲ್ಲ ಎಂಬುದು ನಮ್ಮ ನಂಬಿಕೆ. ಸಂದೇಹವಿರುವವರು ಮಠಕ್ಕೆ ಬಂದಾಗ ಪೂಜ್ಯರನ್ನೇ ಕೇಳಬಹುದು.

ಮಕ್ಕಳಿರುವ ಮನೆಯವರಿಗೂ ಒಂದು ಮಾತು. ಕವಾಟದ ಈ ರೋಗ ಬಾಲ್ಯದ ಗಂಟಲು ನೋವಿನಿಂದ ಆರಂಭವಾಗುತ್ತದೆ. ಗಂಟಲು ಬೇನೆಯಾದ ಕೆಲವು ವಾರಗಳ ನಂತರ ಮಗುವಿನ ಮೊಣಕಾಲು, ಮಣಿಕಟ್ಟು ಒಂದಾದ ಮೇಲೊಂದು ಊದಿ ಜ್ವರ ಬಂದರೆ ಅದು ಬೆಳವಣಿಗೆಯ ನೋವೆಂದು ಸುಮ್ಮನಿರಬಾರದು. ರುಮ್ಯಾಟಿಕ್ ಜ್ವರವೆಂದು ಖಚಿತವಾದವರಿಗೆ ಪೆನಿಸಿಲಿನ್ ಚುಚ್ಚುಮದ್ದನ್ನು ಮೂರು ವಾರಕ್ಕೊಮ್ಮೆ ವರ್ಷಗಟ್ಟಲೆ ಕೊಡುತ್ತಾರೆ, ಅದನ್ನು ತಪ್ಪಿಸಬಾರದು. ನಾವು ಹೇಳಿದ ತಾಯಿಗೂ ಹತ್ತು ವರ್ಷದವರಿದ್ದಾಗ ಹೀಗೆ ಕೀಲು ಊದಿ ತಿಂಗಳುಗಟ್ಟಲೆ ಶಾಲೆ ತಪ್ಪಿತ್ತೆಂದು ಆಕೆಯ ತವರಿನವರು ಆಮೇಲೆ ನೆನಪಿಸಿಕೊಂಡರು.

ಎದೆಯ ಮೇಲಿನ ಎಕೋ ಈಗ ದೊಡ್ಡ ಪಟ್ಟಣಗಳಲ್ಲೆಲ್ಲ ಇದೆ. ಟಿ.ಇ.ಇ. ಹಾಗೂ ಕವಾಟದ ಚಿಕಿತ್ಸೆಗೆ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗಳಿಗೆ ಹೋಗಬಹುದು. ಹೋಗುವ ಮೊದಲು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ರೇಷನ್ ಕಾರ್ಡು ಮತ್ತು ಆಧಾರ್ ಜೊತೆಗಿಟ್ಟುಕೊಳ್ಳಬೇಕು.

ಆ ತಾಯಿಯ ಕವಾಟವನ್ನು ಬಲೂನಿನಿಂದ ಅಗಲಿಸಬೇಕೆಂದು ಹೃದಯತಜ್ಞರು ನಿರ್ಧರಿಸಿದರು. ಆದರೆ ಕೂಡಲೇ ಮಾಡಲಿಲ್ಲ. ಹೃತ್ಕರ್ಣದಲ್ಲಿ ಹೆಪ್ಪು ಇರುವಾಗ ನಳಿಕೆ ಆಡಿಸಿದರೆ ಅದು ಕಳಚಿ ಮೂರನೆಯ ಸಾರಿ ಮಿದುಳಿಗೆ ಹೋಗಬಹುದಿತ್ತು. ಮೂರು ತಿಂಗಳು ವಾರ್ಫರಿನ್ ಕೊಟ್ಟು, ಟಿ.ಇ.ಇ. ಮಾಡಿ, ಹೆಪ್ಪು ಪೂರ್ಣ ಕರಗಿದೆಯೆಂದು ಕಂಡ ಮೇಲೆಯೇ ಬಲೂನ್ ಚಿಕಿತ್ಸೆ ನಡೆಯಿತು. ಮಾತು ಬಹುಮಟ್ಟಿಗೆ ಮರಳಿತು, ನಡಿಗೆಯೂ ಬಂದಿತು. ಎಡಗೈಯ ಬೆರಳುಗಳು ಮಾತ್ರ ಮಡಿಚಿಕೊಂಡೇ ಉಳಿದವು. ರೊಟ್ಟಿ ಬಡಿಯುವುದು ಅಂದಿಗೆ ನಿಂತಿತು. ಆಕೆಯ ಪತಿಗೆ ನಾವು ನಡೆದುದನ್ನು ಬಿಚ್ಚಿ ಹೇಳಿ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಏನೂ ಮಾತನಾಡದೆ ಕುಳಿತು, 'ಮುಂದಿನವ್ರಿಗೆ ಹೇಳ್ರಿ' ಎಂದಷ್ಟೇ ಅಂದರು.

ಆಕೆ ಈಗಲೂ ತಿಂಗಳಿಗೊಮ್ಮೆ ಐ.ಎನ್.ಆರ್. ಮಾಡಿಸಿ, ಸಂಖ್ಯೆಯನ್ನು ಸೊಸೆಯ ಕೈಯಿಂದ ಒಂದು ಪುಸ್ತಕದಲ್ಲಿ ಬರೆಸಿ, ಜಾತ್ರೆಗೆ ಬಂದಾಗ ನಮಗೆ ತೋರಿಸುತ್ತಾರೆ. ಕಳೆದ ಸಾರಿ ನೋಡಿದಾಗ 2.4 ಇತ್ತು.